ಮುಟ್ಟಬಾರದ ಇಪ್ಪತ್ತೆರಡು ನಿಮಿಷ

ಮೊದಲು ಫ್ರಿಜ್ ಆಫ್ ಮಾಡಿಸಬೇಕು. ಆಮೇಲೆ ಫ್ಯಾನು, ಟ್ಯೂಬ್‌ಲೈಟು, ಇನ್ವರ್ಟರು, ಗೋಡೆಗೆ ಚುಚ್ಚಿದ ಮೊಬೈಲ್ ಚಾರ್ಜರು. ಮಿದುಳಿನಿಂದ ನೆತ್ತಿಯ ಚರ್ಮದವರೆಗೆ ಬರುವ ವಿದ್ಯುತ್ತು ಎಷ್ಟು ಸಣ್ಣದೆಂದರೆ, ಅದನ್ನು ಮುಳುಗಿಸುವುದಕ್ಕೆ ಪಕ್ಕದ ಕೋಣೆಯ ಫ್ರಿಜ್ಜಿನ ಮೋಟಾರು ಸಾಕು. ನಮ್ಮ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ. ಹಾಗಾಗಿ ಕರೆಂಟು ಹೋದ ಮನೆಯೇ ನಮಗೆ ಒಳ್ಳೆಯ ಪ್ರಯೋಗಾಲಯ. ಗುಬ್ಬಿ ತಾಲ್ಲೂಕಿನ ಆ ಮನೆಗೆ ಯಂತ್ರ ಹೊತ್ತು ಹೋದ ದಿನ ಹನ್ನೊಂದು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಒಳ್ಳೆಯದೇ ಆಯಿತು ಎಂದುಕೊಂಡೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಸಂಶೋಧನಾ ಸಹಾಯಕಿ. ನಮ್ಮ ವಿಷಯ ಪ್ರಜ್ಞೆ. ಹೆಸರು ದೊಡ್ಡದು, ಕೆಲಸ ಒಂದೇ ಪ್ರಶ್ನೆಯದು. ತಲೆಗೆ ಪೆಟ್ಟಾಗಿ ಬದುಕುಳಿದ ಕೆಲವರು ಕಣ್ಣು ತೆರೆಯುತ್ತಾರೆ, ನಿದ್ದೆ ಮಾಡುತ್ತಾರೆ, ಎಚ್ಚರಾಗುತ್ತಾರೆ, ಆದರೆ ಯಾವ ಮಾತಿಗೂ ಉತ್ತರ ಕೊಡುವುದಿಲ್ಲ. ಕೇಳಿಸಿಕೊಳ್ಳುವವರು ಒಳಗೆ ಇದ್ದಾರೆಯೇ? ಅದನ್ನು ತಿಳಿಯಲು ಮೂವತ್ತೆರಡು ಎಲೆಕ್ಟ್ರೋಡುಗಳಿರುವ ಬಟ್ಟೆಯ ಟೋಪಿ ತೊಡಿಸಿ, 'ಬಲಗೈ ಮುಷ್ಟಿ ಕಟ್ಟಿ' ಎನ್ನುತ್ತೇವೆ. ಕೈ ಅಲ್ಲಾಡುವುದಿಲ್ಲ. ಆದರೆ ಮುಷ್ಟಿ ಕಟ್ಟಬೇಕೆಂದು ಮನಸ್ಸು ಮಾಡಿದರೂ ಸಾಕು, ಕೈಯನ್ನು ನಡೆಸುವ ಮಿದುಳಿನ ಜಾಗದಲ್ಲಿ ಒಂದು ಬಗೆಯ ಅಲೆ ಸ್ವಲ್ಪ ಹೊತ್ತು ತಗ್ಗುತ್ತದೆ. 'ಸುಮ್ನಿರಿ' ಎಂದಾಗ ಮತ್ತೆ ಏಳುತ್ತದೆ. ಆ ಮಾತು ನಲವತ್ತು ಸಲ, ಈ ಮಾತು ನಲವತ್ತು ಸಲ, ಯಾವ ಕ್ರಮವೂ ಇಲ್ಲದಂತೆ ಕಲಸಿ ಕೇಳಿಸುತ್ತೇವೆ. ಒಟ್ಟು ಇಪ್ಪತ್ತೆರಡು ನಿಮಿಷ. ಎರಡು ಮಾತಿನ ನಡುವೆ ಅಲೆಯಲ್ಲಿ ವ್ಯತ್ಯಾಸ ಕಂಡರೆ, ಒಳಗೆ ಯಾರೋ ಮಾತು ಕೇಳಿ ಅದರಂತೆ ನಡೆದಿದ್ದಾರೆ ಎಂದು ಅರ್ಥ.

ಗುಬ್ಬಿಯ ಆ ಮನೆಯಲ್ಲಿ ಮಲಗಿದ್ದವರು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದವರು. ವಯಸ್ಸು ನಲವತ್ತರ ಒಳಗೆ. ಪಾಳಿ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಎರಡು ವರ್ಷವಾಗಿತ್ತು. ಊದಿದ ಮಿದುಳಿಗೆ ಜಾಗ ಮಾಡಲು ತಲೆಬುರುಡೆಯ ಎಡಭಾಗದ ಮೂಳೆ ತೆಗೆದು, ಕೆಡದಿರಲೆಂದು ಹೊಟ್ಟೆಯ ಚರ್ಮದಡಿ ಇಟ್ಟು ಹೊಲಿದಿದ್ದರು. ತಿರುಗಿ ಕೂಡಿಸುವ ಕಾಲ ಬರಲೇ ಇಲ್ಲ. ಹೆಂಡತಿ ದಿನಕ್ಕೆ ಆರು ಸಲ ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಇಳಿಸುತ್ತಿದ್ದರು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತಿದ್ದರು. ಎರಡು ವರ್ಷದಲ್ಲಿ ಆ ಮೈಮೇಲೆ ಒಂದು ಹುಣ್ಣೂ ಆಗಿರಲಿಲ್ಲ. ಇದನ್ನು ಆಸ್ಪತ್ರೆಯವರೂ ನಂಬುತ್ತಿರಲಿಲ್ಲ.

ಆ ಮನೆಯವರು ಪರೀಕ್ಷೆಗೆ ಒಪ್ಪಿದ್ದು ವಿಜ್ಞಾನಕ್ಕಾಗಿ ಅಲ್ಲ. ರೋಗಿಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ಕಫ ಕಟ್ಟಿ ಜ್ವರ ಬರುತ್ತಿತ್ತು. ಮುಂದಿನ ಸಲ ಉಸಿರು ಕಟ್ಟಿದರೆ ವೆಂಟಿಲೇಟರಿಗೆ ಹಾಕಬೇಕೋ ಬೇಡವೋ ಈಗಲೇ ಯೋಚಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಹಾಕಲೇಬೇಕು ಎನ್ನುತ್ತಿದ್ದವರು ಹೆಂಡತಿ. ಬೇಡ, ಅವನಿಗೆ ಹಿಂಸೆ ಕೊಡಬೇಡಿ ಎನ್ನುತ್ತಿದ್ದವರು ರೋಗಿಯ ಅಣ್ಣ. ಅವರು ಅದೇ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮನುಷ್ಯ ಒಳಗಿದ್ದಾನೋ ಇಲ್ಲವೋ ಮಿಷನ್ ಹೇಳಲಿ, ಅದು ಹೇಳಿದಂತೆ ನಡೆಯೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಆ ಮಾತಿನ ಭಾರ ಗೊತ್ತಾಗಿದ್ದು ಆಮೇಲೆ.

ಅಣ್ಣ ನನ್ನ ಪೆಟ್ಟಿಗೆಯಿಂದ ಟೋಪಿ ಹೊರಬಂದದ್ದು ನೋಡಿ, "ನಮ್ ಹುಡುಗುಂಗೆ ಟೋಪಿ ಹಾಕ್ದೋರು ಬೇಜಾನ್ ಜನ ಮೇಡಂ, ನೀವೂ ಒಂದ್ ಹಾಕಿ ಬುಡಿ" ಅಂದರು. ಆಮೇಲೆ ಬಗ್ಗಿ ತಮ್ಮನ ಕಿವಿಯ ಹತ್ತಿರ, "ಏನ್ಲಾ, ಮೇಡಂ ಬಂದವ್ರೆ, ಎದ್ ಕೂತ್ಕಳಾ" ಅಂದರು. ಹೆಂಡತಿ ನಕ್ಕರು. ಆ ಮನೆಯಲ್ಲಿ ರೋಗಿಯನ್ನು ಎಲ್ಲರೂ ಹೀಗೇ ಮಾತಾಡಿಸುತ್ತಿದ್ದರು.

ಈಗ ನನ್ನ ತಪ್ಪು. ನಮ್ಮ ವಿಧಾನದ ಕಾಗದ ಇಂಗ್ಲಿಷಿನಲ್ಲಿದೆ. ಪರೀಕ್ಷೆಯ ಹೊತ್ತಿನಲ್ಲಿ ಯಾರೂ ರೋಗಿಯ ಮೈಯನ್ನು ಯಾವ ರೀತಿಯಲ್ಲೂ ಮುಟ್ಟಬಾರದು ಎಂಬುದು ಅದರ ಏಳನೆಯ ಸಾಲು. ಅದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಎರಡು ವರ್ಷದಿಂದ ಹಗಲು ರಾತ್ರಿ ಆ ಮೈಯನ್ನು ಒರೆಸಿ, ತಿರುಗಿಸಿ, ಎಣ್ಣೆ ತಿಕ್ಕಿ ಉಳಿಸಿಕೊಂಡಿದ್ದ ಹೆಂಗಸಿಗೆ 'ಇವರನ್ನು ಮುಟ್ಟಬೇಡಿ' ಎನ್ನಲು ನನಗೆ ಬಾಯಿ ಬರಲಿಲ್ಲ. "ತಲೆ, ಕೈ ಮುಟ್ಟಬೇಡಿ ಅಕ್ಕ" ಅಂದೆ. ಹಾಗೆ ಹೇಳಿದರೆ ಅರ್ಥವಾಗುತ್ತದೆ ಎಂದುಕೊಂಡೆ. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೆವು. ಮಾತುಗಳನ್ನು ಇಯರ್‌ಫೋನಿನಲ್ಲಿ ಕೇಳಿಸಬೇಕು. ಮೂಳೆಯಿಲ್ಲದ ಕಡೆ ಇಯರ್‌ಫೋನು ಒತ್ತುವುದು ಬೇಡವೆಂದು ಚಿಕ್ಕ ಸ್ಪೀಕರನ್ನು ದಿಂಬಿನ ಪಕ್ಕ ಇಟ್ಟೆವು. ಅದರಿಂದ ಮಾತು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸುತ್ತಿತ್ತು.

ಪ್ರತಿ ಎಲೆಕ್ಟ್ರೋಡಿನ ಕೆಳಗೆ ಜೆಲ್ ತುಂಬಿ ಸಂಪರ್ಕ ಸರಿಮಾಡಲು ಐವತ್ತು ನಿಮಿಷ ಹಿಡಿಯಿತು. ಕ್ಯಾಮೆರಾವನ್ನು ತಲೆಯಿಂದ ಸೊಂಟದವರೆಗೆ ಕಾಣುವಂತೆ ನಿಲ್ಲಿಸಿದೆ. ಕೈ ನಿಜವಾಗಿ ಅಲ್ಲಾಡಿದರೆ ಗೊತ್ತಾಗಬೇಕು. ಹೆಂಡತಿ ಮಂಚದ ಕಾಲ್ದೆಸೆಯಲ್ಲಿ ಸ್ಟೂಲಿನ ಮೇಲೆ ಕೂತರು. ನಾನು ಪರದೆಯತ್ತ ತಿರುಗಿ ಕೂತೆ. ಇಪ್ಪತ್ತೆರಡು ನಿಮಿಷ ಹಿಂತಿರುಗಿ ನೋಡಲಿಲ್ಲ.

ಫಲಿತಾಂಶ ಚೆನ್ನಾಗಿತ್ತು. ಮುಷ್ಟಿ ಎಂದಾಗ ಅಲೆ ತಗ್ಗುತ್ತಿತ್ತು, ಸುಮ್ನಿರಿ ಎಂದಾಗ ಏಳುತ್ತಿತ್ತು. ಯಾವ ಅಲೆ ಯಾವ ಮಾತಿನದು ಎಂಬ ಗುರುತುಗಳನ್ನು ಕಂಪ್ಯೂಟರಿನಲ್ಲಿ ಸಾವಿರ ಸಲ ಕಲಸಿ ನೋಡಿದೆವು, ಕಲಸಿದಾಗ ಅಷ್ಟು ವ್ಯತ್ಯಾಸ ಬರಲಿಲ್ಲ. ಆಕಸ್ಮಿಕವಲ್ಲ. ವಾರದ ನಂತರ ಹೋಗಿ ಮತ್ತೆ ಮಾಡಿದೆವು. ಮತ್ತೆ ಅದೇ. ನಮ್ಮ ಪ್ರಾಧ್ಯಾಪಕರು, ಈ ವಿಷಯದಲ್ಲಿ ಜೀವಮಾನ ಕಳೆದವರು, ಪರದೆಯ ಮುಂದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮನೆಯವರಿಗೆ ನಾನು ಎಚ್ಚರಿಕೆಯಿಂದಲೇ ಹೇಳಿದೆ. ಕೇಳಿಸಿಕೊಳ್ಳುತ್ತಿರುವ ಸೂಚನೆಗಳು ಕಾಣುತ್ತಿವೆ, ಖಚಿತವಾಗಲು ಇನ್ನೂ ಕೆಲಸವಿದೆ ಎಂದೆ. ಅವರು ಉಳಿಸಿಕೊಂಡದ್ದು ಮೊದಲರ್ಧವನ್ನು. ಅವರ ಜಾಗದಲ್ಲಿದ್ದರೆ ನಾನೂ ಅಷ್ಟನ್ನೇ ಉಳಿಸಿಕೊಳ್ಳುತ್ತಿದ್ದೆ.

ಲೇಖನ ಬರೆದು ವಿದೇಶದ ಒಂದು ಪತ್ರಿಕೆಗೆ ಕಳಿಸಿದೆವು. ಇಂಥ ಪತ್ರಿಕೆಗಳು ಲೇಖನವನ್ನು ಹೆಸರು ಹೇಳದ ಇಬ್ಬರು ಮೂವರು ಪರಿಶೀಲಕರಿಗೆ ಕೊಟ್ಟು ಅಭಿಪ್ರಾಯ ಕೇಳುತ್ತವೆ. ನಾಲ್ಕು ತಿಂಗಳಿಗೆ ಅವು ಬಂದವು. ಮೊದಲನೆಯವರು ಹೊಗಳಿದ್ದರು. ಎರಡನೆಯವರ ಮೂರನೆಯ ಪ್ರಶ್ನೆ ನನಗೆ ಈಗಲೂ ಬಾಯಿಪಾಠವಿದೆ: ಬಲಗೈಯ ಆಲೋಚನೆಗೆ ಬದಲಾವಣೆ ಮಿದುಳಿನ ಎಡಭಾಗದಲ್ಲಿ ಕಾಣಬೇಕು, ಇಲ್ಲಿ ನೆತ್ತಿಯ ನಡುವೆ ಕಂಡಿದೆ, ಅದು ಕಾಲಿನ ಜಾಗ, ಏಕೆ ಹೀಗೆ?

ಉತ್ತರ ಬರೆದವಳು ನಾನು. ಎಡಭಾಗದ ಮೂಳೆ ಇಲ್ಲದಿರುವುದರಿಂದ ಅಲ್ಲಿಯ ಸಂಕೇತ ನಂಬುವಂತಿಲ್ಲ, ಪೆಟ್ಟಾದ ಮಿದುಳು ತನ್ನ ಕೆಲಸಗಳನ್ನು ಪಕ್ಕಕ್ಕೆ ಸರಿಸಿಕೊಂಡಿರಲೂಬಹುದು ಎಂದು ಎರಡು ಪುಟ ಬರೆದೆ. ಆಧಾರಗಳನ್ನೂ ಕೊಟ್ಟೆ. ಪ್ರಾಧ್ಯಾಪಕರು ಓದಿ, ನಿನ್ನ ಅತ್ಯುತ್ತಮ ಬರವಣಿಗೆ ಇದು ಎಂದರು. ಪರಿಶೀಲಕರು ಒಪ್ಪಿದರು. ಲೇಖನ ಪ್ರಕಟವಾಯಿತು. ಅದರ ವಿಧಾನದ ಭಾಗದಲ್ಲಿ, ಪರೀಕ್ಷೆಯ ಹೊತ್ತಿನಲ್ಲಿ ಯಾರೂ ರೋಗಿಯ ಸಂಪರ್ಕದಲ್ಲಿರಲಿಲ್ಲ ಎಂಬ ಸಾಲಿತ್ತು. ಅದನ್ನು ಬರೆದವಳೂ ನಾನೇ. ಅದನ್ನು ನಾನು ನೋಡಿ ಬರೆದಿರಲಿಲ್ಲ. ಏಳನೆಯ ಸಾಲಿನಲ್ಲಿ ಹಾಗಿದೆಯಲ್ಲ ಎಂದು ಬರೆದಿದ್ದೆ.

ಲೇಖನ ಬಂದ ತಿಂಗಳಲ್ಲೇ ರೋಗಿಗೆ ಜ್ವರ ಏರಿ ಉಸಿರು ಕಟ್ಟಿತು. ಮಾತಾಡಿಕೊಂಡಿದ್ದಂತೆ ಅಣ್ಣ ಎದುರು ಮಾತಾಡಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ವೆಂಟಿಲೇಟರಿನಲ್ಲಿದ್ದರು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಗಂಟಲಿಗೆ ತೂತು ಮಾಡಿದರು. ಕಫ ಎಳೆಯುವ ನಳಿಕೆ ಒಳಗೆ ಹೋದಾಗಲೆಲ್ಲ ಮುಖ ಕೆಂಪಾಗಿ ಮೈಯೆಲ್ಲ ಸೆಟೆಯುತ್ತಿತ್ತು. ಒಂದು ಮಧ್ಯಾಹ್ನ ನಾನು ನೋಡಲು ಹೋಗಿದ್ದೆ. ಹೆಂಡತಿ ಕಿಟಕಿಯ ಗಾಜಿನ ಹೊರಗೆ ನಿಂತಿದ್ದರು. "ನೀವು ಹೇಳಿದ್ರಲ್ಲ ಮೇಡಂ, ಕೇಳಿಸ್ಕಂತಾರೆ ಅಂತ. ಅದೊಂದ್ ಧೈರ್ಯ" ಅಂದರು. ರೋಗಿ ಮನೆಗೆ ಮರಳಿದಾಗ ಅರ್ಧ ಆಗಿದ್ದರು. ಸೊಂಟದಲ್ಲಿ ಅಂಗೈಯಗಲದ ಹುಣ್ಣಿತ್ತು.

ಸ್ಥಳೀಯ ಪತ್ರಿಕೆಯೊಂದರಲ್ಲಿ ನಮ್ಮ ಕೆಲಸದ ಸುದ್ದಿ ಬಂತು. ಅದರ ಕತ್ತರಿಸಿದ ಚೂರು ಹಿಡಿದು ಕುಣಿಗಲ್ ಕಡೆಯಿಂದ ಒಬ್ಬ ತಂದೆ ಬಂದರು. ಹುಲಿಯೂರುದುರ್ಗದ ರಸ್ತೆಯಲ್ಲಿ ಅವರ ಮನೆ. ಕೆರೆಯಲ್ಲಿ ಮುಳುಗಿ, ಉಸಿರು ನಿಂತು, ಮತ್ತೆ ಬದುಕಿಕೊಂಡ ಇಪ್ಪತ್ತರ ಮಗಳು ಒಂದು ವರ್ಷದಿಂದ ಹಾಗೇ ಮಲಗಿದ್ದಾಳೆ. ಗುಬ್ಬಿಯವರಿಗೆ ಮಾಡಿದ ಪರೀಕ್ಷೆಯನ್ನು ಅವಳಿಗೂ ಮಾಡಿ ಎಂದರು. ಹೋದೆ.

ಅಲ್ಲಿ ಜಾಗ ಇಕ್ಕಟ್ಟು. ಪರದೆಯನ್ನು ಮಂಚಕ್ಕೆ ಎದುರಾಗಿ ಇಟ್ಟುಕೊಳ್ಳಬೇಕಾಯಿತು. ಗುಬ್ಬಿಯ ರೂಢಿಯಂತೆ ಇಲ್ಲೂ ಸ್ಪೀಕರನ್ನೇ ಇಟ್ಟೆ. ತಾಯಿಗೂ ಅದೇ ಮಾತು ಹೇಳಿದೆ: ತಲೆ, ಕೈ ಮುಟ್ಟಬೇಡಿ ಅಮ್ಮ. ಅವರು ತಲೆಯಾಡಿಸಿ ಕಾಲ್ದೆಸೆಯಲ್ಲಿ ಕೂತರು. ಆರನೆಯ ನಿಮಿಷವೋ ಏಳನೆಯದೋ, ನಾನು ಪರದೆಯ ಮೇಲಿಂದ ಕಣ್ಣೆತ್ತಿದೆ. ತಾಯಿಯ ಬಲಗೈ ಹೊದಿಕೆಯೊಳಗಿತ್ತು. ಮಗಳ ಪಾದದ ಮೇಲೆ. ಸ್ಪೀಕರಿನಲ್ಲಿ ನನ್ನದೇ ದನಿ 'ಬಲಗೈ ಮುಷ್ಟಿ ಕಟ್ಟಿ' ಅಂದಿತು. ಹೊದಿಕೆ ಅಲ್ಲಿ ಒಂದಿಷ್ಟು ಬಿಗಿಯಾಯಿತು.

ನಿಲ್ಲಿಸಿದೆ. ಪಾದ ಏಕೆ ಹಿಡಿದಿರಿ ಎಂದು ದನಿ ಏರಿಸದೆ ಕೇಳಿದೆ. ತಾಯಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಜೀವ ಎಲ್ಲೆಲ್ಲೋ ಅಲೀತಿರ್ತದೆ ಕಣವ್ವ. ಪಾದ ಹಿಡ್ಕಂಡಿದ್ರೆ ದಾರಿ ತಪ್ಪಾಕಿಲ್ಲ" ಅಂದರು. ಇಂಥವರ ಪಕ್ಕ ಯಾರಾದರೂ ಸುಮ್ಮನೆ ಕೈಕಟ್ಟಿ ಕೂರುವುದುಂಟೆ ಎಂದು ನನ್ನನ್ನೇ ಕೇಳಿದರು. ನಾನು ಜೆಲ್ ಒರೆಸಿ, ಟೋಪಿ ತೆಗೆದು, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ತುಮಕೂರು ತಲುಪುವವರೆಗೆ ನೆತ್ತಿಯ ನಡುವೆ, ಕಾಲಿನ ಜಾಗ ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ಗುಬ್ಬಿಯ ಮೊದಲ ಪರೀಕ್ಷೆಯ ವಿಡಿಯೋ ತೆಗೆದೆ. ಅದನ್ನು ಮೊದಲೂ ನೋಡಿದ್ದೆವು, ಆದರೆ ಕೈ ಅಲ್ಲಾಡಿತೇ ಎಂದಷ್ಟೇ. ಪಾದ ಚೌಕಟ್ಟಿನ ಹೊರಗಿತ್ತು. ಆದರೆ ಬಲ ಅಂಚಿನಲ್ಲಿ ಪಟ್ಟೆ ಕಂಬಳಿಯ ಒಂದು ಮಡಿಕೆ ಕಾಣುತ್ತಿತ್ತು. ಚಿತ್ರವನ್ನು ಒಂದೊಂದೇ ಫ್ರೇಮು ಮುಂದೆ ಸರಿಸಿದೆ. 'ಮುಷ್ಟಿ' ಎಂದ ಮೇಲೆ ಮಡಿಕೆ ಎಳೆದುಕೊಳ್ಳುತ್ತಿತ್ತು. 'ಸುಮ್ನಿರಿ' ಎಂದಾಗ ಸುಮ್ಮನಿರುತ್ತಿತ್ತು. ಹಾಳೆಯಲ್ಲಿ ಗೀಟು ಹಾಕುತ್ತಾ ಹೋದೆ. ನಲವತ್ತರಲ್ಲಿ ಮೂವತ್ತೇಳು. ಉಳಿದ ಮೂರರಲ್ಲಿ ಬೆಳಕು ಸಾಲದೆ ಏನೂ ಕಾಣಲಿಲ್ಲ.

ಹಾಳೆಯನ್ನು ಪ್ರಾಧ್ಯಾಪಕರ ಮೇಜಿನ ಮೇಲಿಟ್ಟೆ. ಅವರು ವಿಡಿಯೋವನ್ನು ತಾವೇ ಎರಡು ಸಲ ನೋಡಿದರು.

"ನೋಡಮ್ಮ, ಒಂದು ವಾಕ್ಯ ತಿದ್ದೋಣ" ಎಂದರು ಕೊನೆಗೆ. "ಸಂಪರ್ಕ ಇರಲಿಲ್ಲ ಅನ್ನೋದನ್ನ ಇದ್ದಿರಬಹುದು ಅಂತ ಮಾಡೋಣ. ಲೇಖನಾನೇ ಹಿಂದಕ್ಕೆ ತಗೊಂಡ್ರೆ ಜನ ಕಳ್ಳತನ ಅಂತಾರೆ. ತಪ್ಪು ಅಂತ ಯಾರೂ ಅನ್ನಲ್ಲ."

"ಸರ್, ಆ ಲೇಖನದ ಮಾತು ನಂಬಿ ಒಬ್ರು ಹತ್ತೊಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ರು. ಮುಂದಿನ ಜ್ವರ ಯಾವತ್ತು ಬೇಕಾದ್ರೂ ಬರತ್ತೆ."

ಅವರು ನನ್ನನ್ನು ನೋಡಲಿಲ್ಲ. ಕಿಟಕಿ ನೋಡುತ್ತಾ, ಹಾಗಾದರೆ ಮತ್ತೆ ಪರೀಕ್ಷೆ ಮಾಡು, ಆದರೆ ಆ ಹೆಂಗಸಿಗೆ ಕಾರಣ ಹೇಳಬೇಡ, ಹೇಳಿದರೆ ಅವರು ಒತ್ತುವ ರೀತಿ ಬದಲಾಗುತ್ತದೆ ಎಂದರು. ವಿಧಾನದ ಪ್ರಕಾರ ಅವರು ಹೇಳಿದ್ದು ಸರಿ. ನಾನು ಒಂದು ರಾತ್ರಿ ಯೋಚಿಸಿ, ಹೇಳಿಯೇ ಮಾಡುವುದು ಎಂದು ತೀರ್ಮಾನಿಸಿದೆ. ಅವರಿಗೆ ಗೊತ್ತಿತ್ತು ಎಂದು ವರದಿಯಲ್ಲಿ ಬರೆದರಾಯಿತು. ಮೊದಲ ಸಲ ಅರ್ಧ ಮಾತು ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಇನ್ನೊಂದು ಸಲ ಅರ್ಧ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಗುಬ್ಬಿಯಲ್ಲಿ ಹೆಂಡತಿ ಬಾಗಿಲಲ್ಲೇ ನಗುತ್ತಾ ಕರೆದರು. ಹುಣ್ಣು ಮಾಗುತ್ತಿದೆ ಎಂದು ತೋರಿಸಿದರು. ನಾನು ಕೂತ ಮೇಲೆ ಕೇಳಿದೆ, ಮೊದಲೆರಡು ಪರೀಕ್ಷೆಯ ದಿನ ಅವರನ್ನು ಮುಟ್ಟಿದ್ದಿರಾ ಎಂದು.

"ಹೂಂ, ಪಾದ ಹಿಡ್ಕಂಡಿದ್ದೆ. ನೀವು ತಲೆ, ಕೈ ಮುಟ್ಬ್ಯಾಡಿ ಅಂದಿದ್ರಿ. ಅವೆರಡೂ ಮುಟ್ಲಿಲ್ಲ."

"ಮಾತು ಬಂದಾಗ ಒತ್ತಿದ್ರಾ?"

"ಒತ್ತುದ್ನಲ್ಲ. ಲೇತಿನ್ ಸದ್ದಿಗೆ ಅವ್ರ ಕಿವಿ ಮೊದ್ಲಿಂದ್ಲೂ ಮಂದ. ನಿಮ್ ಮಿಸನ್ ಮಾತು ಕೇಳುಸ್ತೋ ಇಲ್ವೋ ಅಂತ, ಕೈ ಅಂದಾಗ್ಲೆಲ್ಲ ಒಂದ್ಸಲ ಅದುಮ್ತಿದ್ದೆ. ಈಗ ನಿಮ್ ಪಾಳಿ ಕಣ್ರೀ ಅಂತ."

ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಪರೀಕ್ಷೆಯಲ್ಲಿ ಗಂಡನಿಗೆ ನೆರವಾದ ಹೆಮ್ಮೆ. ನಾನು ಎಲ್ಲವನ್ನೂ ಹೇಳಿದೆ. ಮಾತಿಗೆ ಬಂದದ್ದೆಂದು ನಾವು ತಿಳಿದಿದ್ದ ಬದಲಾವಣೆ ನೀವು ಅದುಮಿದ್ದಕ್ಕೆ ಬಂದದ್ದಿರಬಹುದು ಎಂದೆ. ಅದನ್ನು ತಿಳಿಯಲು ಎರಡು ಸಲ ಮಾಡಬೇಕು. ಮೊದಲ ಸಲ ಯಾರೂ ಮುಟ್ಟಬಾರದು. ಎರಡನೆಯ ಸಲ ನಾನು ಕೊಡುವ ಚಿಕ್ಕ ದೀಪ ಮಿನುಗಿದಾಗ ಮಾತ್ರ ಪಾದ ಅದುಮಬೇಕು. ದೀಪಕ್ಕೂ ಮಾತಿಗೂ ಸಂಬಂಧವಿಲ್ಲ. ಅಲೆ ಮಾತಿನ ಹಿಂದೆ ಹೋದರೆ ಅವರು ಕೇಳಿಸಿಕೊಂಡರು. ದೀಪದ ಹಿಂದೆ ಹೋದರೆ, ನಾವು ತಪ್ಪು ಹೇಳಿದೆವು.

ಅವರು ಎದ್ದರು. ಹೋಗಿ ಫ್ರಿಜ್ ಆಫ್ ಮಾಡಿ ಬಂದರು.

ಮೊದಲ ಇಪ್ಪತ್ತೆರಡು ನಿಮಿಷ ಅವರು ಹೊರಗೆ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಎರಡನೆಯದಕ್ಕೆ ಒಳಗೆ ಬಂದರು, ಕಿವಿಗೆ ಹತ್ತಿ ಇಟ್ಟುಕೊಂಡರು. ದೀಪ ಮಿನುಗಿದಾಗ ಅದುಮಿದರು. ಅಷ್ಟೇ ಅದುಮಿದರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರಾಧ್ಯಾಪಕರು ಹೆದರಿದಂತೆ ಏನೂ ಆಗಲಿಲ್ಲ. ನಾನು ಕಂಡ ಯಾವ ಸಹಾಯಕರೂ ಅಷ್ಟು ನಿಯತ್ತಾಗಿ ಕೆಲಸ ಮಾಡಿರಲಿಲ್ಲ.

ಎರಡು ದಿನದ ಲೆಕ್ಕದ ನಂತರ ಉತ್ತರ ಸಿಕ್ಕಿತು. ಮುಟ್ಟದಿದ್ದಾಗ ಎರಡು ಮಾತಿನ ನಡುವೆ ಯಾವ ವ್ಯತ್ಯಾಸವೂ ಇರಲಿಲ್ಲ. ಮುಟ್ಟಿದಾಗ ಅಲೆ ದೀಪದ ಹಿಂದೆ ಹೋಗಿತ್ತು. ನೆತ್ತಿಯ ನಡುವೆ, ಪರಿಶೀಲಕರು ಬೆರಳಿಟ್ಟು ತೋರಿಸಿದ್ದ ಜಾಗದಲ್ಲೇ.

ಇದನ್ನು ಹೇಳಲು ಹೋದಾಗ ಅಣ್ಣನೂ ಇದ್ದರು. ತಮ್ಮ ಮಾತೇ ಸರಿಯಾಯಿತು ಎಂಬ ಭಾವ ಅವರಲ್ಲಿ ಇರಲಿಲ್ಲ. ಗಿರಣಿಯ ಹಿಟ್ಟು ಮೆತ್ತಿದ ಕೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದರು. ನಾನು ಇನ್ನೊಂದು ಮಾತನ್ನೂ ಸೇರಿಸಿದೆ, ಏಕೆಂದರೆ ಅದೂ ನಿಜ: ಆರೋಗ್ಯವಾಗಿರುವ ಕೆಲವರಲ್ಲೂ ಈ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಅವರು ಒಳಗಿಲ್ಲ ಎಂದು ಇದು ಹೇಳುವುದಿಲ್ಲ. ಇದ್ದಾರೆ ಎಂದು ನಾವು ಹೇಳಿದ್ದಕ್ಕೆ ಆಧಾರವಿರಲಿಲ್ಲ, ಅಷ್ಟೇ.

"ಅಂಗಾದ್ರೆ ಇಷ್ಟ್ ದಿನ ಉತ್ರ ಕೊಡ್ತಿದ್ದೋಳು ನಾನೇ ಅನ್ನಿ" ಎಂದರು ಹೆಂಡತಿ.

ನಾನು ಹೌದು ಅಂದೆ.

"ನಾನು ಅದುಮಿದ್ದು ಅವ್ರ ತಲೆಗಂಟ ಹೋಯ್ತಾ?"

"ಹೋಗಿದೆ ಅಕ್ಕ. ಅದು ಚೆನ್ನಾಗಿ ಕಾಣಿಸ್ತಿದೆ."

"ಹೋಗಿದ್ದು ಅವ್ರಿಗೆ ಗೊತ್ತಾಯ್ತಾ?"

ನಮ್ಮ ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸ್ಪರ್ಶ ಮಿದುಳನ್ನು ತಲುಪುವುದನ್ನು ಅಳೆಯಬಹುದು. ತಲುಪಿದ್ದು ಯಾರಿಗಾದರೂ ತಿಳಿಯಿತೇ ಎಂಬುದನ್ನು ಅಳೆಯಲು ಬರುವುದಿಲ್ಲ. ಗೊತ್ತಿಲ್ಲ, ಅದನ್ನು ನೋಡುವ ಮಿಷನ್ ನಮ್ಮ ಹತ್ತಿರ ಇಲ್ಲ ಎಂದೆ.

ಅವರು ಗಂಡನ ಕಡೆ ತಿರುಗಿದರು. ನನಗಲ್ಲ, ಅಣ್ಣನಿಗೂ ಅಲ್ಲ ಎಂಬಂತೆ ಮಾತಾಡಿದರು. "ಗೊತ್ತಾಗ್ತಿದ್ರೆ ಆ ಹತ್ತೊಂಬತ್ ದಿನದ ನೋವೂ ಗೊತ್ತಾಗಿರ್ತದೆ. ನಾನೇ ಕಳ್ಸಿದ್ದು. ಗೊತ್ತಾಗ್ದಿದ್ರೆ ನಾನು ಯಾರ್ ಪಾದ ಹಿಡ್ಕಂಡ್ ಕೂತಿದೀನಿ?"

ಅಣ್ಣ, "ಬುಡವ್ವ" ಎಂದರು. ನಾನು ಟೋಪಿಯ ಪೆಟ್ಟಿಗೆ ತೆಗೆದುಕೊಂಡು ಹೊರಗೆ ಬಂದೆ. ಚಪ್ಪಲಿ ಹಾಕಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

ಪತ್ರಿಕೆಗೆ ನಾನು ಬರೆದ ಕರಡಿನಲ್ಲಿ ತಪ್ಪು ನನ್ನದೆಂದು ಎರಡು ಕಡೆ ಹೇಳಿದ್ದೆ. ಪ್ರಾಧ್ಯಾಪಕರು ಅವೆರಡನ್ನೂ ಹೊಡೆದುಹಾಕಿ ತಮ್ಮ ಹೆಸರು ಬರೆದರು. "ಏಳನೇ ಸಾಲು ನಂದು. ನೋಡ್ಬೇಕಾಗಿದ್ದೋನು ನಾನು" ಎಂದಷ್ಟೇ ಹೇಳಿದರು. ವಾಕ್ಯ ತಿದ್ದುವ ಮಾತನ್ನು ಮತ್ತೆ ಎತ್ತಲಿಲ್ಲ. ಲೇಖನ ಹಿಂತೆಗೆದುಕೊಳ್ಳಲು ಎಲ್ಲ ಲೇಖಕರೂ ಸಹಿ ಹಾಕಬೇಕು. ನಾವು ನಾಲ್ವರಿದ್ದೆವು. ಒಬ್ಬರು ಫೋನ್ ಎತ್ತುವುದನ್ನು ನಿಲ್ಲಿಸಿದರು, ಅವರ ಸಹಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಎರಡನೆಯ ಪರಿಶೀಲಕರ ಪ್ರಶ್ನೆಯನ್ನೂ, ಅದಕ್ಕೆ ನಾವು ಕೊಟ್ಟ ಉತ್ತರ ಏಕೆ ತಪ್ಪು ಎಂಬುದನ್ನೂ ಸೂಚನೆಯಲ್ಲಿ ಸೇರಿಸಿ ಎಂದು ಸಂಪಾದಕರನ್ನು ಕೇಳಿದೆ. ಅದಕ್ಕೆ ಜಾಗವಿಲ್ಲ ಎಂದರು. ಪತ್ರವ್ಯವಹಾರ ಐದು ತಿಂಗಳು ನಡೆಯಿತು. ಪರಿಶೀಲಕರ ಅಭಿಪ್ರಾಯ ಬರಲು ತೆಗೆದುಕೊಂಡದ್ದಕ್ಕಿಂತ ಹಿಂದಕ್ಕೆ ಪಡೆಯಲು ಒಂದು ತಿಂಗಳು ಹೆಚ್ಚು. ಕೊನೆಗೆ ಬಂದ ಸೂಚನೆ ಒಂದೇ ಪ್ಯಾರಾ. ಬಾಹ್ಯ ಸ್ಪರ್ಶದ ಸಾಧ್ಯತೆಯನ್ನು ಹೊರಗಿಡಲಾಗದ ಕಾರಣ ಲೇಖಕರು ಲೇಖನವನ್ನು ಹಿಂತೆಗೆದುಕೊಂಡಿದ್ದಾರೆ ಎಂದಿತ್ತು. ಲೇಖನ ಅಲ್ಲೇ ಉಳಿಯಿತು, ಪ್ರತಿ ಪುಟದ ಮೇಲೂ ಓರೆಯಾಗಿ ಕೆಂಪು ಅಕ್ಷರದ ಮುದ್ರೆ.

ಆ ನಡುವೆ ಕುಣಿಗಲ್ಲಿನ ಮನೆಗೆ ಹೋಗಿ, ಅರ್ಧಕ್ಕೆ ನಿಲ್ಲಿಸಿದ್ದ ಪರೀಕ್ಷೆ ಮುಗಿಸಿದೆ. ಯಾರೂ, ಎಲ್ಲೂ ಮುಟ್ಟಬಾರದು ಎಂಬ ಪೂರ್ತಿ ವಾಕ್ಯವನ್ನು ಅಲ್ಲೂ ಬಾಯಿಬಿಟ್ಟು ಹೇಳಿದೆ. ಎಷ್ಟು ಹೊತ್ತು ಎಂದು ತಾಯಿ ಕೇಳಿದರು. ಇಪ್ಪತ್ತೆರಡು ನಿಮಿಷ ಎಂದೆ. ಅವರು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡರು. ಪರದೆಯಲ್ಲಿ ಏನೂ ಕಾಣಲಿಲ್ಲ. ಅದನ್ನೇ ಹೇಳಿ ಬಂದೆ.

ನಮ್ಮ ದಾಖಲೆಯ ಹಾಳೆಯಲ್ಲಿ ಈಗ ಒಂದು ಹೊಸ ಕಾಲಂ ಇದೆ. ನಾನು ಸೇರಿಸಿದ್ದು. ಸ್ಪರ್ಶ: ಯಾರು, ಎಲ್ಲಿ, ಎಷ್ಟು ಹೊತ್ತು. ಪರೀಕ್ಷೆಯ ಹೊತ್ತಿನಲ್ಲಿ ಅದು ಖಾಲಿ ಇರಬೇಕು. ಖಾಲಿ ಇದೆ ಎಂದು ಕಣ್ಣಾರೆ ನೋಡಿದವರು ಸಹಿ ಹಾಕಬೇಕು.

ಸೂಚನೆ ಪ್ರಕಟವಾದ ಹದಿನೈದು ದಿನಕ್ಕೆ ಗುಬ್ಬಿಯಲ್ಲಿ ಜ್ವರ ಮರಳಿತು. ವೆಂಟಿಲೇಟರ್ ಬೇಡವೆಂಬ ಕಾಗದಕ್ಕೆ ಹೆಂಡತಿ ಯಾವಾಗ ಸಹಿ ಹಾಕಿದರೋ ನನಗೆ ಗೊತ್ತಿಲ್ಲ. ನನ್ನ ಎದುರು ಹಾಕಲಿಲ್ಲ. ವೈದ್ಯರು ಜ್ವರಕ್ಕೆ, ನೋವಿಗೆ ಬೇಕಾದ ಔಷಧಿ ಮನೆಗೇ ಕೊಟ್ಟಿದ್ದರು. ಐದನೆಯ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಎಲೆಕ್ಟ್ರೋಡು ತೊಳೆಯುತ್ತಿದ್ದಾಗ ಅವರದೇ ಫೋನು ಬಂತು. ದನಿ ಸಮನಾಗಿತ್ತು. ಹನ್ನೊಂದೂವರೆಗೆ ಹೋದರು ಎಂದರು. ನಾನು ನಲ್ಲಿ ನಿಲ್ಲಿಸಿದೆ. ಅವರೇ ಮುಂದುವರಿಸಿದರು.

"ಬೆಳಿಗ್ಗೆ ಐದ್ರಿಂದ ಹಿಡ್ಕಂಡಿದ್ದೆ ಮೇಡಂ. ಬುಡ್ಲೇ ಇಲ್ಲ. ಬರ್ಕಳಿ."

ಫೋನು ಇಟ್ಟ ಮೇಲೆ ಅವರ ಗಂಡನ ಕಡತ ತೆಗೆದೆ. ಹಿಂತೆಗೆದುಕೊಂಡ ಅಧ್ಯಯನದ ಕಡತ. ಅದಕ್ಕೆ ಇನ್ನೇನನ್ನೂ ಸೇರಿಸಬೇಕಾಗಿರಲಿಲ್ಲ. ಹೊಸ ಹಾಳೆ ಹಾಕಿ, ಯಾವ ಪರೀಕ್ಷೆ ಎಂಬಲ್ಲಿ ಗೀಟೆಳೆದು, ಕೊನೆಯ ಕಾಲಂ ತುಂಬಿದೆ. ಯಾರು: ಹೆಂಡತಿ. ಎಲ್ಲಿ: ಪಾದ. ಎಷ್ಟು ಹೊತ್ತು: ಆರೂವರೆ ಗಂಟೆ. ನೋಡಿದವರು ಎಂಬಲ್ಲಿ ನನ್ನ ಸಹಿ ಹಾಕುವಂತಿರಲಿಲ್ಲ. ನಾನು ನೋಡಿರಲಿಲ್ಲ. ಅದನ್ನು ಖಾಲಿ ಬಿಟ್ಟೆ.